ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇಲ್ಲಿ ನೆಲ ನಿಜಕ್ಕೂ ಡೊಂಕು.
ರಸಮಟ್ಟ ಇಟ್ಟರೆ ಗುಳ್ಳೆ ಹಿಂದಕ್ಕೇ ಓಡುತ್ತದೆ,
ಬಾಗಿಲ ಕಡೆಗೆ,
ಆಟ ಹಿಡಿಸದೆ ನಡುವೆ ಎದ್ದು ಹೋದವನ ಹಾಗೆ.
ಕಿಸೆಯಿಂದ ಬಿದ್ದ ಮೊಳೆ ಮಾತ್ರ ಉರುಳುತ್ತದೆ ಮುಂದಕ್ಕೆ
ರಂಗವಿದ್ದ ಕತ್ತಲೆಗೆ.

ಮೆಲ್ಬರ್ನಿನ ಮೆರಿಡಿಯನ್ ಥಿಯೇಟರ್,
ಟ್ರಾಮು ಕಿರುಗುಟ್ಟಿ ತಿರುಗುವ ಮೂಲೆ.
ನಾವು ಐದು ಜನ ಬಡಗಿಗಳು, ಕಟ್ಟಲು ಕಲಿತವರು,
ಕೀಳಲು ಬಂದಿದ್ದೇವೆ.
ಬರುವ ವರ್ಷ ಇಲ್ಲಿ ನಲವತ್ತೆರಡು ಮನೆ,
ತಳದಲ್ಲಿ ಕಾರು, ತಲೆಯ ಮೇಲೆ ಈಜುಕೊಳ.
ಬೀದಿಗೆ ಕಾಣುವ ಗೋಡೆ ಮಾತ್ರ ಮುಟ್ಟಕೂಡದು, ಕಾನೂನು.
ಮುಖ ಉಳಿಸಿ ಮೈ ತೆಗೆಯುವ ಕೆಲಸ.

ಮೇಲಿನದು ಬಿಂಗೋ ಕಾಲದ ಹಲಗೆ, ಸಪಾಟು,
ಅಜ್ಜಿಯರು ಎಡವಬಾರದೆಂದು.
ಎತ್ತಿದರೆ ಇಳಿಜಾರು, ಸಿನಿಮಾದ್ದು.
ಅದರಡಿ ಮತ್ತೆ ಸಪಾಟು. ರಜೆಗೆ ಬಂದ ಸಿಪಾಯಿಗಳು
ನಾಳೆ ಇಲ್ಲವೆಂಬಂತೆ ಕುಣಿದ ನೆಲ,
ಮೇಣ ಇನ್ನೂ ಆರಿಲ್ಲ, ಡೆಸ್ಮಂಡ್ ಜಾರಿ ಬಿದ್ದ.

ಪಾರಸ್ಕೆವಿ ದಿನಾ ಹತ್ತೂವರೆಗೆ ಬರುತ್ತಾಳೆ.
ತಂತಿಬೇಲಿಯಾಚೆ ನಿಂತು, ಸೊಪ್ಪಿನ ಚೀಲ ಕೆಳಗಿಟ್ಟು,
ಕೇಳುತ್ತಾಳೆ: ಹಿಮ್ಮಡಿ ಸಿಕ್ಕಿತೇ?
ಮೊದಲ ದಿನ ನಮಗೆ ತಲೆಬುಡ ತಿಳಿಯಲಿಲ್ಲ.

ಅರವತ್ನಾಲ್ಕನೇ ಇಸವಿ. ಬುಧವಾರ ರಾತ್ರಿ, ಗ್ರೀಕರ ಆಟ.
ಇವಳು ಟಿಕೆಟ್ ಹರಿಯುವವಳು, ಕೈಯಲ್ಲಿ ಟಾರ್ಚು.
ಪರದೆಯ ಮೇಲೆ ಯಾರದೋ ಮದುವೆ, ಬುಜುಕಿ ಮಿಡಿಯಿತು.
ಟೈರು ಕಾರ್ಖಾನೆಯ ಗಂಡಸರು ಒಬ್ಬೊಬ್ಬರಾಗಿ ಎದ್ದು
ಹೆಗಲ ಮೇಲೆ ಹೆಗಲ ಕೈ ಹಾಕಿ
ನಡುದಾರಿಯಲ್ಲಿ ಸಾಲು ಕಟ್ಟಿದರು.
ಇಳಿಜಾರಿನಲ್ಲಿ ಸಾಲು ನಿಲ್ಲುತ್ತದೆಯೇ?
ಕೊನೆಯವನ ಭಾರ ಮೊದಲವನ ಮೇಲೆ,
ಹೆಜ್ಜೆಗಿಂತ ಮುಂಚೆ ನೆಲವೇ ಹೆಜ್ಜೆ ಹಾಕುತ್ತದೆ.
ಕೂರಿಸಲು ಹೋದವಳ ಕೈಯನ್ನು ಯಾರೋ ಹಿಡಿದರು.
ಸಂದಿಗೆ ಸಿಕ್ಕಿ ಹಿಮ್ಮಡಿ ಮುರಿಯಿತು,
ಆಟ ಮುಗಿಯುವ ತನಕ ಕುಂಟುತ್ತಲೇ ಕುಣಿದೆ ಅಂದಳು.
ಮ್ಯಾನೇಜರು ಸಂಬಳದಲ್ಲಿ ಹತ್ತು ಶಿಲಿಂಗು ಮುರಿದುಕೊಂಡ,
ಅದು ಬೇರೆ ಲೆಕ್ಕ.

ಕೈ ಹಿಡಿದದ್ದು ಯಾರು, ಡೆಸ್ಮಂಡನ ಪ್ರಶ್ನೆ.
ಕತ್ತಲಿತ್ತಲ್ಲ ಮಾರಾಯ, ಅಂದಳು,
ಟಾರ್ಚು ತನ್ನ ಕೈಯಲ್ಲೇ ಇತ್ತೆಂಬುದನ್ನು ಮರೆತವಳಂತೆ.

ಸಿಕ್ಕಿದ್ದು ಇಷ್ಟು: ಕೂದಲ ಪಿನ್ನು ಒಂದು ಡಬ್ಬಿ ತುಂಬ,
ಕಲ್ಲಾದ ಚ್ಯೂಯಿಂಗ್ ಗಮ್ಮು, ಅರ್ಧ ಹಲ್ಲುಸೆಟ್ಟು
(ಉಳಿದರ್ಧ ಇಟ್ಟುಕೊಂಡು ಮನೆಗೆ ಹೇಗೆ ಹೋದನೋ),
ಇಲಿ ಕಡಿದ ಪ್ರೇಮಪತ್ರ, ಹೆಸರಿದ್ದ ಜಾಗದಲ್ಲೇ ತೂತು.
ಹಿಮ್ಮಡಿ ಮೂರು.
ಬೇಲಿಯ ಸಂದಿಯಿಂದ ದಾಟಿಸಿದೆ.
ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ತಿರುವಿ ನೋಡಿದಳು.
ನನ್ನದು ಕಂದು, ಊರಿನ ಚಮ್ಮಾರ ಮೂರು ಮೊಳೆ ಹೊಡೆದದ್ದು,
ಇವು ಯಾವುವೂ ಅಲ್ಲ.
ಆದರೂ ಕೆಂಪನೆಯದನ್ನು ಚೀಲಕ್ಕೆ ಹಾಕಿಕೊಂಡಳು, ಸೊಪ್ಪಿನ ನಡುವೆ.
ಇವಳೂ ಚೆನ್ನಾಗಿ ಕುಣಿದಿರಬೇಕು.
ಮರುದಿನ ಬರಲಿಲ್ಲ. ಅದರ ಮರುದಿನವೂ.

ಎಲ್ಲಕ್ಕೂ ಅಡಿಯಲ್ಲಿ ಕೊನೆಯ ನೆಲ, ನಾಟಕದವರದು,
ಉಳಿದ ಎಲ್ಲಕ್ಕಿಂತ ಕಡಿದು.
ಹಲಗೆ ಮಗುಚಿದರೆ ಹೊಟ್ಟೆಯಲ್ಲಿ ಸೀಸಕಡ್ಡಿಯ ಬರಹ:
ಇಳಿಜಾರು ಹೆಚ್ಚಾಯಿತು ಎಂದು ಹೇಳಿದೆ. ಧಣಿ ಕೇಳಲಿಲ್ಲ.
ಹೆಸರಿಲ್ಲ. ಸಾವಿರದ ಎಂಟುನೂರ ತೊಂಬತ್ತೊಂದು.
ನಾವು ಐವರೂ ಅದನ್ನು ಓದಿ, ಒಂದು ಟೀ ಹೊತ್ತು
ಸುಮ್ಮನೆ ಕೂತೆವು.

ಸೋಮವಾರ ಲೇಸರ್ ಬರುತ್ತದೆ.
ಕೂದಲೆಳೆಯಷ್ಟೂ ಓರೆಯಿರದ ನೆಲ ಹಾಸುತ್ತೇವೆ,
ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲಬೇಕು, ಹಾಗೆ.
ಕುಣಿಯಲಾರದವರು ಇನ್ನು ಯಾರನ್ನು ದೂರುತ್ತಾರೋ.