ಹಾರುವ ಮುನ್ನ ತೆಗೆ

ಜೀಪಿನ ಹುಡ್ಡು, ಟ್ರ್ಯಾಕ್ಟರಿನ ಸೀಟು,
ಆಟೋಗಳ ರೆಕ್ಸಿನ್ನು, ಆಲೂಗಡ್ಡೆ ಮಂಡಿಯ ಟಾರ್ಪಾಲು:
ಹಾಸನದ ಬಿ.ಎಂ. ರಸ್ತೆಯ ಈ ಹತ್ತಡಿ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ನಾನು ಹೊಲಿದದ್ದು ಯಾವುದೂ
ನೆಲ ಬಿಟ್ಟು ಎದ್ದದ್ದಿಲ್ಲ.

ಹಲ್ಲಿನ ಡಾಕ್ಟರು ಲವೀನಾ ಮೇಡಮ್ಮು,
ನನ್ನ ಎಡದವಡೆಯ ಎರಡು ಹೋದದ್ದು ಅವರ ಕೈಯಲ್ಲೇ,
ಒಂದು ಸೋಮವಾರ ಬಂದು
"ವಿಮಾನದ ಅಳತೆ ತಗೋಬೇಕು, ತುಕಾರಾಮ್" ಅಂದರು,
ರವಿಕೆಯ ಅಳತೆ ಅಂದಷ್ಟು ಸಲೀಸಾಗಿ.

ಕಂದಲಿ ದಾಟಿ, ಆಲೂಗಡ್ಡೆ ಸಾಲು ಮುಗಿಯುವಲ್ಲಿ
ಒಂದು ಮಣ್ಣಿನ ಪಟ್ಟಿ, ಒಂದು ತಗಡಿನ ಶೆಡ್ಡು.
ಒಳಗೆ ಅದು. ಬಿಳಿ. ಎರಡೇ ಸೀಟು.
ನಮ್ಮ ಓಮ್ನಿಗಿಂತ ಹಗುರವಂತೆ.
ಬೆರಳಲ್ಲಿ ತಟ್ಟಿದೆ,
ಡೋಲಿನ ಸದ್ದು ಬಂತು, ಕೈ ಹಿಂದಕ್ಕೆಳೆದೆ.

ಸೀಟಿನ ಮೇಲೆ ಅವರ ಚೀಲ ಬಾಯಿ ಬಿಟ್ಟಿತ್ತು:
ತೊಡೆಗೆ ಕಟ್ಟುವ ಪುಟ್ಟ ಹಲಗೆ,
ಅದಕ್ಕೆ ದಾರದಲ್ಲಿ ತೂಗುವ ಪೆನ್ಸಿಲ್ಲು
("ಮೇಲೆ ಹೋದರೆ ಪೆನ್ನು ಕಕ್ಕುತ್ತೆ"),
ಕೆಂಪು ಬೆಳಕಿನ ಟಾರ್ಚು,
ಪೆಟ್ರೋಲಲ್ಲಿ ನೀರು ಸೇರಿದೆಯೋ ನೋಡುವ ಲೋಟ,
ಟ್ಯಾಂಕಿಗಿಳಿಸಿ ಅಳೆಯಲು ಗೀಟು ಹಾಕಿದ ಕೋಲು.
ಮೀಟರಿದೆಯಲ್ಲ ಮೇಡಂ, ಅಂದೆ.
"ಮೀಟರು ಹೇಳುತ್ತೆ, ಕೋಲು ತೋರಿಸುತ್ತೆ."
ನಮ್ಮಪ್ಪನೂ ಹಾಗೇ,
ಟೇಪು ಹಿಡಿದ ಮೇಲೂ ಒಮ್ಮೆ ಗೇಣು ಹಾಕುತ್ತಿದ್ದ.

ಎಡ ರೆಕ್ಕೆಯಡಿ ಒಂದು ಕೊಳವೆ, ಬೀಡಿಗಿಂತ ಚೂರು ದಪ್ಪ.
ಅದು ನುಂಗುವ ಗಾಳಿಯೇ ವೇಗದ ಲೆಕ್ಕ.
ಹೋದ ತಿಂಗಳು ಅದರೊಳಗೆ
ಕುಂಬಾರ ಹುಳ ಮನೆ ಕಟ್ಟಿತ್ತಂತೆ.
ಕ್ಲಿನಿಕ್ಕಿನ ಉದ್ದ ಹಿಡಿಯ ಕನ್ನಡಿ ತಂದು
ದವಡೆ ನೋಡುವ ಹಾಗೆ ಬಗ್ಗಿ ನೋಡಿ,
ಮಣ್ಣು ಕಂಡು,
ಮೇಡಮ್ಮು ಆವತ್ತು ಹಾರಲಿಲ್ಲ.
ನೋಡದೆ ಎದ್ದಿದ್ದರೆ?
"ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ.
ಎಷ್ಟು ಜೋರಾಗಿ ಹೋಗ್ತಿದ್ದೀನಿ ಅಂತ
ಬೆನ್ನನ್ನೇ ಕೇಳಬೇಕಿತ್ತು."

ಗಾಳಿಚೀಲವನ್ನು ಮೊದಲು ಹೊಲಿದೆ, ಕೆಟ್ಟೆ.
ಚೀಲ ಅಂದಮೇಲೆ ತುದಿ ಮುಚ್ಚಬೇಡವೇ?
ಮುಚ್ಚಿದ್ದೆ.
ಸೀಗೆಗುಡ್ಡದ ಕಡೆಯ ಗಾಳಿ ಹೊಕ್ಕಿದ್ದೇ
ಹೊಟ್ಟೆಯುಬ್ಬರಿಸಿ ಕಂಬವನ್ನೇ ಬಗ್ಗಿಸಿತು.
ಮೇಡಮ್ಮು ಕೂತು ನಕ್ಕರು.
ಅಲ್ಲೇ ಏಣಿ ಹತ್ತಿ ಬ್ಲೇಡಿನಲ್ಲಿ ತುದಿ ಬಿಚ್ಚಿದೆ.

ಆಮೇಲೆ ಕೊಳವೆಯ ಟೋಪಿ.
ಬಿಗಿಯಾದರೆ ತೆಗೆಯಲಾಗದು, ಸಡಿಲಾದರೆ ಹುಳ ನುಗ್ಗುತ್ತೆ;
ಮೂರನೆಯದು ಕೂತಿತು.
ಅದಕ್ಕೆ ಎರಡಡಿ ಕೆಂಪು ಪಟ್ಟಿ,
ಪಟ್ಟಿಯ ಮೇಲೆ ಹೊಲಿಯಲು ಇಂಗ್ಲಿಷಿನ ಮೂರು ಮಾತು
ಚೀಟಿಯಲ್ಲಿ ಬರೆದುಕೊಟ್ಟಿದ್ದರು.
ಯಾರು ಓದೋದು ಮೇಡಂ?
"ನಾನೇ. ತೆಗೆಯೋದೂ ನಾನೇ."
ಹಾಗಿದ್ದರೆ ಕನ್ನಡದಲ್ಲೇ ಇರಲಿ ಅಂತ
ಬಿಳಿ ನೂಲಲ್ಲಿ ಹೊಲಿದೆ: ಹಾರುವ ಮುನ್ನ ತೆಗೆ.
'ನ್ನ'ದ ಒತ್ತು ಸೊಟ್ಟಗಾಗಿ ಎರಡು ಸಲ ಬಿಚ್ಚಿದೆ.
ಹಲಗೆಯ ಎಲಾಸ್ಟಿಕ್ ಜೋತಿತ್ತು, ಬದಲಿಸಿದೆ,
ಅದಕ್ಕೆ ದುಡ್ಡು ಹಿಡಿಯಲಿಲ್ಲ.
ಬಿಲ್ಲಿನಲ್ಲಿ ಬರೆದೆ: ಟೋಪಿ ಒಂದು, ನೂರ ಎಂಬತ್ತು.
"ಡಾಕ್ಟರಿಗೇ ಟೋಪಿ ಹಾಕಿದ್ರಾ?"
ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಳು.

ಭಾನುವಾರ ಎಂಟರ ಹೊತ್ತಿಗೆ
ಅಂಗಡಿಯ ಮೇಲೆ ಆ ಸದ್ದು ಹಾಯುತ್ತದೆ,
ಹೇಮಾವತಿಯ ಹಿನ್ನೀರಿನ ಕಡೆಗೆ.
ಪಂಚರ್ ಅಂಗಡಿಯ ನಯಾಜ್
"ಬಂತು ನೋಡು ನಿನ್ನ ಗಿರಾಕಿ" ಅಂತ ಕೂಗುತ್ತಾನೆ.
ಕತ್ತರಿ ಹಿಡಿದೇ ಹೊರಬಂದು
ಎಡ ರೆಕ್ಕೆಯ ಕೆಳಗೆ ಕೆಂಪು ಹುಡುಕುತ್ತೇನೆ.
ಕಾಣದಿದ್ದರೆ ಒಳಗೆ ಹೋಗಿ ಮೆಷಿನ್ ತುಳಿಯುತ್ತೇನೆ.

ಮೋಡವಿದ್ದು ಸರಿಯಾಗಿ ತೋರದ ವಾರ ಮಾತ್ರ
ಟ್ರ್ಯಾಕ್ಟರಿನ ಸೀಟು ಅರ್ಧಕ್ಕೆ ಬಿಟ್ಟು
ಅದು ಹಿಂದಿರುಗುವ ತನಕ ಬಾಗಿಲಲ್ಲಿ ನಿಂತಿರುತ್ತೇನೆ,
ಸೂಜಿಯನ್ನು ಕಚ್ಚಿಕೊಂಡು,
ಹಲ್ಲು ಉಳಿದಿರುವ ಬಲಗಡೆಯಿಂದ.