ನಾಲ್ಕನೇ ಮಹಡಿ, ಮಾರಾಟಕ್ಕಿದೆ

ಬಾಗಿಲಲ್ಲಿ ನಿಂತು ನೀಲಿ ಪ್ಲಾಸ್ಟಿಕ್ಕಿನ ಪಾದಚೀಲ ಹಂಚುವುದು
ನನ್ನ ಕೆಲಸ. ಓಕ್ ಮರದ ನೆಲಕ್ಕೆ ಗೀರು ಬೀಳಬಾರದು.
ಶನಿವಾರ, ಹನ್ನೊಂದರಿಂದ ಒಂದು. ವೂಚ್ ಪಟ್ಟಣ:
ದೋಣಿ ಎಂದು ಹೆಸರಿಟ್ಟುಕೊಂಡು
ಹೊಳೆಗಳನ್ನೆಲ್ಲ ನೆಲದಡಿಯ ಕೊಳವೆಗೆ ತುರುಕಿದ ಊರು.

ಸೆವೆರಿನ್ ಒಪ್ಪಿಸುತ್ತಾನೆ, ಗಿಣಿಪಾಠ:
ನೂರಾ ಹನ್ನೆರಡು ಚದರ ಮೀಟರು, ಐದಾಳೆತ್ತರದ ಕಿಟಕಿ,
ಮೂಲ ಇಟ್ಟಿಗೆ, ಮೂಲ ಎರಕದ ಕಂಬ,
ಕೆಳಗೆ ಹುಳಿಹಿಟ್ಟಿನ ಬ್ರೆಡ್ಡಿನಂಗಡಿ, ಎದುರಿಗೆ ಗ್ಯಾಲರಿ,
ಹಿಂದಿನ ಅಂಗಳದಲ್ಲಿ ಯೋಗ.
ಎಂಟು ಲಕ್ಷದ ತೊಂಬತ್ತು ಸಾವಿರ ಜ್ಲೋಟಿ.
ಮೂಲ ಅನ್ನುವಾಗೆಲ್ಲ ಕಂಬವನ್ನೊಮ್ಮೆ ತಟ್ಟುತ್ತಾನೆ,
ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟಿದ ಹಾಗೆ.

ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗ ಬಂದಳು ಲೆಯೋಕಾದಿಯಾ.
ಪುಸ್ತಕದಲ್ಲಿ ಹಾಗೆ ಬರೆದಳು, ಫೋನ್ ನಂಬರಿನ ಜಾಗ ಖಾಲಿ ಬಿಟ್ಟು.
ಎಪ್ಪತ್ತು ದಾಟಿರಬೇಕು. ಕಡುಗೆಂಪು ಬಣ್ಣ ಹಾಕಿದ ಕೂದಲು,
ಕೈಯಲ್ಲಿ ಬೀಟ್‌ರೂಟು ಇಣುಕುವ ಚೀಲ.
ಪಾದಚೀಲ ಕೊಟ್ಟರೆ ನಕ್ಕಳು:
"ಇಪ್ಪತ್ತೆರಡು ವರ್ಷ ಇಲ್ಲಿ ಮರದಟ್ಟೆಯ ಮೆಟ್ಟು ಮೆಟ್ಟಿದ್ದೇನೆ, ಮಗಳೇ,
ಆಗ ಈ ನೆಲ ಬರೀ ಎಣ್ಣೆ ಕುಡಿಯುತ್ತಿತ್ತು."
ಮೆಟ್ಟಿಲ ಕೆಳಗಿನವರೂ ತಲೆಯೆತ್ತಿ ನೋಡಿದರು.
ಆದರೂ ಹಾಕಿಕೊಂಡಳು, ಗೋಡೆ ಹಿಡಿದು, ಒಂದೊಂದಾಗಿ.

ಬೆಲೆ ಕೇಳಲಿಲ್ಲ. ಹೆಜ್ಜೆ ಎಣಿಸಿದಳು:
ಕಿಟಕಿಯಿಂದ ಏಳು, ಕಂಬದಿಂದ ಮೂರು.
ಅಡುಗೆಕಟ್ಟೆಯ ಬಿಳಿ ಕಲ್ಲಿನ ಮುಂದೆ ನಿಂತಳು.
"ಇಲ್ಲಿ ನನ್ನ ಮಗ್ಗ. ಅಗೋ ಅಲ್ಲಿ,
ನಿಮ್ಮ ಸ್ನಾನದ ತೊಟ್ಟಿ ಇರುವಲ್ಲಿ, ಯಾದ್ವಿಗಾಳದು.
ದಿನವಿಡೀ ಹರಟುತ್ತಿದ್ದೆವು, ಒಂದು ಮಾತೂ ಕೇಳಿಸದೆ."

ಕೇಳಿಸುವುದೆಲ್ಲಿಂದ? ಇನ್ನೂರು ಮಗ್ಗ ಒಟ್ಟಿಗೆ ಲಾಳಿ ಎಸೆದರೆ
ಕಿವಿಗೆ ಹತ್ತಿ ತುಂಬಿಕೊಂಡರೂ ಪಕ್ಕೆಲುಬಿಗೆ ಕುಟ್ಟುತ್ತದಂತೆ.
ಹದಿನಾರಕ್ಕೇ ಕಲಿತಳು ತುಟಿ ಓದುವುದನ್ನು.
ಯಾರ ಮದುವೆ, ಯಾರ ಬಸಿರು, ಮಾಂಸದಂಗಡಿಯ ಸರದಿ,
ಮೇಸ್ತ್ರಿಯ ಕೈ ಎಲ್ಲೆಲ್ಲಿ ಹೋಗುತ್ತದೆ ಎಂಬ ಎಚ್ಚರಿಕೆ,
ಎಲ್ಲ ತುಟಿಯಿಂದ ತುಟಿಗೆ ಹಾಸುಹೊಕ್ಕಾಗಿ ಹೋಯಿತು.
ಬಟ್ಟೆ ಮಾತ್ರ ಲೆಕ್ಕಕ್ಕೆ ಸಿಕ್ಕಿತು.

ಅಷ್ಟರಲ್ಲಿ ಸೆವೆರಿನ್ ಮಲಗುವ ಕೋಣೆಯ
ಗಾಜಿನ ಬಾಗಿಲೆಳೆದುಕೊಂಡು ಫೋನಿಗೆ ಬಿದ್ದ.
ಆ ಗಾಜು ಸದ್ದು ತಡೆಯುತ್ತದೆ; ಅದೂ ಜಾಹೀರಾತಿನಲ್ಲಿದೆ.
ಇತ್ತ ತಿಮೊನ್ ಮತ್ತು ಲೀವಿಯಾ, ಇದು ಮೂರನೇ ಸಲ,
ಟೇಪು ಹಿಡಿದು ತೊಟ್ಟಿಲಿಗೆ ಜಾಗ ಅಳೆಯುತ್ತಿದ್ದರು.
ಮುದುಕಿ ಗಾಜನ್ನೇ ನೋಡುತ್ತಿದ್ದಳು,
ಕಡಿದ ಎಳೆ ಹುಡುಕುವ ಕಣ್ಣಿಂದ.
ಆಮೇಲೆ ಹುಡುಗಿಯ ಹತ್ತಿರ ಹೋಗಿ, ಭುಜ ಮುಟ್ಟಿ,
ಗುಟ್ಟೊಂದು ಹೇಳಿದಳು.

ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ತಿಳಿಯದು.
ಅವಳ ಪಿಸುಮಾತು
ಇನ್ನೂರು ಮಗ್ಗದ ಮೇಲೆ ಎದ್ದು ಬರುವಷ್ಟಿತ್ತು:
"ಬೇರೆ ಯಾರೂ ಕೇಳಿಲ್ಲವಂತೆ! ಎಂಬತ್ತು ಸಾವಿರ ಇಳಿಸುತ್ತಾರಂತೆ!
ಉತ್ತರದ ಗೋಡೆ ಬೆವರುತ್ತದಂತೆ. ಅದು ಆಗಲೂ ಬೆವರುತ್ತಿತ್ತು!"

ಗಾಜು ತಡೆಯಲಿಲ್ಲ.
ಸೆವೆರಿನ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು ಏನೋ ಅಂದ.
ನಮಗೆ ಕೇಳಿಸಲಿಲ್ಲ. ಅವಳು ಓದಿದಳೆಂದು ಕಾಣುತ್ತದೆ,
ಕಿವಿಯ ತನಕ ಕೆಂಪಾದಳು, ಹುಡುಗಿಯಂತೆ.

ಹೊರಡುವಾಗ ಬಚ್ಚಲಮನೆಯ ಹೊಸ್ತಿಲಲ್ಲಿ ನಿಂತು
ತೊಟ್ಟಿಯ ಕಡೆ ತಿರುಗಿ
ಏನೇನೋ ಹೇಳಿದಳು, ದನಿಯಿಲ್ಲದೆ, ಬಹಳ ಹೊತ್ತು,
ನಡುವೆ ತಡೆದು, ಕೇಳಿಸಿಕೊಂಡು,
ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಲಿಫ್ಟು ಬೇಡವೆಂದಳು.
ಪಾದಚೀಲ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.
ನಾಲ್ಕು ಮಹಡಿ ಇಳಿದು, ಅಂಗಳ ದಾಟಿ, ಟ್ರಾಮಿನವರೆಗೂ
ನೀಲಿ ಕಾಲಲ್ಲಿ ಸರಸರ ನಡೆದು ಹೋದಳು,
ಪಾಳಿಗೆ ತಡವಾದವಳ ಹಾಗೆ.