ಐವತ್ತೆಂಟರ ಕೆಳಗೆ ಒಂದು ಖಾಲಿ ಸಾಲು

ಡಾಕ್ಟರ್ ವಿಯೆನೊ ಹಾಪಸಾಲೊ ಅವರ ಪ್ರಕಟಣೆಗಳ ಪಟ್ಟಿ
ಟೈಪು ಮಾಡುವ ಕೆಲಸ ನನ್ನದು.
ಕೂಪಿಯೊ ಆಸ್ಪತ್ರೆ, ಮೂರನೆಯ ಮಹಡಿ, ಫೆಬ್ರವರಿ.
ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ ರಸ್ತೆಯಾಗಿದೆ,
ಮೇಲೆ ಕಾರುಗಳು ಓಡಾಡುತ್ತಿವೆ.
ನಿವೃತ್ತಿಯ ಸಮಾರಂಭಕ್ಕೆ ಇನ್ನು ಒಂಬತ್ತು ದಿನ.
ನೂರಾ ನಲವತ್ತೊಂದು ಲೇಖನ. ಅದರಲ್ಲಿ ಎರಡು ಬರೀ ತಿದ್ದುಪಡಿ,
ಒಂದು ಯಾವುದೋ ಪುಸ್ತಕದ ಅಧ್ಯಾಯ,
ಆ ಪುಸ್ತಕ ಯಾರ ಬಳಿಯೂ ಇಲ್ಲ.

ಮೊದಲನೆಯದು ಎಂಬತ್ತೊಂದರದು:
ಸೊಂಟ ಮುರಿದ ಮೇಲೆ ಮೊದಲ ಹೆಜ್ಜೆ ಎಷ್ಟನೆಯ ದಿನ.
ಆರು ಜನರಲ್ಲಿ ಇವರ ಹೆಸರು ಐದನೆಯದು,
ಅದರಲ್ಲೂ ಒಂದಕ್ಷರ ತಪ್ಪು.
ಆಮೇಲೆ ಹೆಸರು ಮುಂದೆ ಮುಂದೆ ಸರಿಯುತ್ತದೆ
ಊರುಗೋಲು ಬಿಟ್ಟವರ ಹಾಗೆ, ಗೋಡೆ ಹಿಡಿದು.
ತೊಂಬತ್ತರಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತದೆ.
ಈಚೆಗೆ ಮತ್ತೆ ಕೊನೆಗೆ.
ಈ ಲೋಕದಲ್ಲಿ ಕೊನೆಯೆಂದರೆ ಯಜಮಾನರ ಜಾಗವಂತೆ,
ಎಲ್ಲರಿಗೂ ಬಡಿಸಿ ತಟ್ಟೆ ಹಿಡಿಯುವವರ ಹಾಗೆ.

ನನಗೆ ಬೇಕಾದ್ದು ಶೀರ್ಷಿಕೆ, ವರ್ಷ, ಪುಟಸಂಖ್ಯೆ.
ಆದರೂ ಕಣ್ಣು ಸುಮ್ಮನಿರುವುದಿಲ್ಲ:
ಮುಷ್ಟಿಯ ಬಿಗಿ ಮತ್ತು ಮರುವರ್ಷದ ಬದುಕು.
ದೀಪ ಹಸಿರಾಗಿರುವಷ್ಟರಲ್ಲಿ ರಸ್ತೆ ದಾಟಲಾರದವರು.
ರಾತ್ರಿ ಮೂತ್ರಕ್ಕೆ ಏಳುವುದು, ಬೀಳುವುದು.
ಮಂಜುಗಡ್ಡೆಯ ಮೇಲೆ ಬಿದ್ದೆನೆಂದು ಹೇಳಿಕೊಳ್ಳದ ಗಂಡಸರು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದಕ್ಕೆ
ನಾಲ್ಕು ಕೋಷ್ಟಕ, ಒಂದು ನಕ್ಷೆ.

ಐವತ್ತೆಂಟಕ್ಕೆ ಬಂದಾಗ ಬೆರಳು ನಿಂತಿತು.
ಕೈಯೂರದೆ ಕುರ್ಚಿಯಿಂದ ಐದು ಸಲ ಏಳುವ ಪರೀಕ್ಷೆ.
ಎಂಬತ್ತು ದಾಟಿದ ಅರವತ್ತೊಂದು ಮಂದಿ, ಹದಿನೆಂಟು ತಿಂಗಳು.
ಎರಡನೆಯ ಕೋಷ್ಟಕದ ಕೆಳಗೆ ಇರುವೆಸಾಲಿನಂಥ ಅಕ್ಷರ:
ಏಳನೆಯವರು ಅನುಸರಣೆಗೆ ದೊರೆಯಲಿಲ್ಲ.

ಏಳನೆಯವರು ನನ್ನಮ್ಮ, ಸೈಮಿ.

ದೊರೆಯದೆ ಎಲ್ಲಿಗೆ ಹೋಗಿದ್ದಳು?
ಇದೇ ಸರೋವರದ ಮೇಲೆ, ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ,
ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು,
ಬೆನ್ನಿಲ್ಲದ, ತೋಳಿಲ್ಲದ, ಮೊಣಕಾಲೆತ್ತರವೂ ಇಲ್ಲದ
ಒಂದು ಮಣೆಯ ಮೇಲೆ ಕೂತಿದ್ದಳು.
ಏಳು ಅಂದಾಗ ಏಳುವುದಕ್ಕೆ ಕೂರು ಅಂದಾಗ ಕೂರುವುದಕ್ಕೆ
ನಾನೇನು ಶಾಲೆಯ ಹುಡುಗಿಯೇ, ಅಂದಿದ್ದಳು.
ಅಲ್ಲಾದರೆ ತಾನಾಗಿ ಏಳುತ್ತಿದ್ದಳು,
ಪಕ್ಕದ ತೂತಿನ ಮುದುಕನಿಗೆ ಏನು ಸಿಕ್ಕಿತೆಂದು ನೋಡಲು,
ಗಂಟೆಗೆ ಹತ್ತು ಸಲ,
ಬರೀ ಹೊಟ್ಟೆಕಿಚ್ಚಿನ ಬಲದಿಂದ.

ಡಾಕ್ಟರು ಒಂದು ದಿನ ಹುಡುಕಿಕೊಂಡು ಹೋದರಂತೆ
ಪೇಟೆಯ ಬೂಟು ಹಾಕಿಕೊಂಡು.
ಬೀಳುವುದರ ಬಗ್ಗೆ ಅಷ್ಟೆಲ್ಲ ಬರೆದವರು
ಅಮ್ಮನಿಂದ ಹತ್ತು ಮಾರು ದೂರದಲ್ಲಿ ಜಾರಿ ಬಿದ್ದರಂತೆ.
ಪರೀಕ್ಷೆಗೆ ಕೈಕೊಟ್ಟವಳು
ಎದ್ದು ಹೋಗಿ ಡಾಕ್ಟರಿಗೆ ಕೈ ಕೊಟ್ಟಳು.
ಜೇಬಿನಲ್ಲಿ ಸ್ಟಾಪ್‌ವಾಚ್ ಇತ್ತು. ತೆಗೆಯಲಿಲ್ಲ.
ಬಕೆಟ್ಟು ಬೋರಲು ಹಾಕಿ ಕೂತರು, ಕತ್ತಲಾಗುವವರೆಗೆ.
ಸಿಕ್ಕಿದ್ದು ಎರಡೇ ಮೀನು.
ಒಂದನ್ನು ಡಾಕ್ಟರು ಪತ್ರಿಕೆಯಲ್ಲಿ ಸುತ್ತಿಕೊಂಡು ಹೋದರು;
ಯಾವ ಪತ್ರಿಕೆಯೋ, ಅಮ್ಮ ನೋಡಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಸಡಿಲವಾಗುವ ವಾರ,
ಅಮ್ಮ ನಿದ್ದೆಯಲ್ಲಿ ಹೋದಳು.
ಬಿದ್ದಲ್ಲ.

ನಿನ್ನೆ ಕೇಳಿದೆ, ಐವತ್ತೆಂಟನ್ನು ಏನು ಮಾಡಲಿ?
ಕನ್ನಡಕ ಹಣೆಗೇರಿಸಿ ಹಾಳೆಯನ್ನು ದೂರ ಹಿಡಿದು ನೋಡಿದರು.
ಇರಲಿ ಅಂದರು. ಕೆಳಗೆ ಒಂದು ಸಾಲು ಖಾಲಿ ಬಿಡಿ.
ಆಮೇಲೆ ಎದ್ದರು, ಮೇಜಿಗೆ ಎರಡೂ ಕೈಯೂರಿ.
(ಹಾಗೆ ಎದ್ದರೆ ಲೆಕ್ಕಕ್ಕಿಲ್ಲ. ಟೈಪು ಮಾಡಿ ಮಾಡಿ
ನಾನೂ ಅಷ್ಟು ಕಲಿತಿದ್ದೇನೆ.)

ಕಂಪ್ಯೂಟರಿಗೆ ಖಾಲಿ ಸಾಲು ಆಗಿಬರುವುದಿಲ್ಲ.
ಬಿಟ್ಟ ಕೂಡಲೇ ಐವತ್ತೊಂಬತ್ತು ಮೇಲಕ್ಕೆ ಜಿಗಿದು
ಜಾಗ ಹಿಡಿಯುತ್ತದೆ, ಬಸ್ಸಿನಲ್ಲಿ ಕರ್ಚೀಫು ಹಾಕಿದವರ ಹಾಗೆ.
ಮತ್ತೆ ಬಿಟ್ಟೆ. ಮತ್ತೆ ಜಿಗಿಯಿತು.
ಗಾಯಕ್ಕೆ ಕಟ್ಟುವುದೂ ಪಟ್ಟಿಯೇ,
ನಡುವೆ ಸಂದು ಬಿಟ್ಟು ಸುತ್ತಬಾರದೆಂದು ಅದಕ್ಕೆ ಯಾರು ಕಲಿಸಿದರೋ.
ನಾಲ್ಕನೆಯ ಸಲ ಏನನ್ನೋ ಒತ್ತಿದೆ,
ಖಾಲಿ ಉಳಿಯಿತು.
ಉಳಿದದ್ದಲ್ಲ, ಆ ಖಾಲಿಗೂ ಒಂದು ಅಂಕಿ ಬಿತ್ತು:
ಐವತ್ತೊಂಬತ್ತು, ಚುಕ್ಕೆ, ಮುಂದೆ ಬರೀ ಬಿಳಿ.
ಒಟ್ಟು ನೂರಾ ನಲವತ್ತೆರಡು ಎಂದು ತೋರಿಸಿತು.

ತಿದ್ದಲಿಲ್ಲ. ಹಾಗೇ ಅಚ್ಚಿಗೆ ಕಳಿಸಿದೆ.